‘ಜತೆ’ ಅಂದರೆ ಜೋಡಿ ಅಲ್ವಂತೆ! ಬ್ಯಾಲೆ ಪದಗಳ ಅರ್ಥ ಗೊತ್ತಿದ್ದವರು ಹೇಳಿ

ವಿಜಯಪುರದ ಅವ್ವ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ 10 ವರ್ಷ. ಎಂಟು ತಿಂಗಳಿಂದ ಶನಿವಾರ, ಭಾನುವಾರ ಆನ್‌ಲೈನ್‌ನಲ್ಲಿ ಬ್ಯಾಲೆ ಕಲಿಯುತ್ತಿದ್ದಾಳೆ. ನಮ್ಮ ಮನೆ ಹತ್ತಿರ ಕಲಿಸುವವರು ಸಿಗಲಿಲ್ಲ. ಫೋನನ್ನು ಟಿವಿ ಸ್ಟ್ಯಾಂಡಿಗೆ ಒರಗಿಸಿಟ್ಟು, ಊಟದ ಮೇಜಿನ ಕುರ್ಚಿ ಹಿಡಿದುಕೊಂಡು ಮಾಡುತ್ತಾಳೆ.

ಟೀಚರ್ ಪ್ರೀತಿಯಿಂದಲೇ ಕಲಿಸುತ್ತಾರೆ. ಆದರೆ ಮಕ್ಕಳು ಜಾಸ್ತಿ, ಸಮಯ ಕಡಿಮೆ. ಒಂದು ಪದ ಹೇಳುತ್ತಾರೆ, ಮಾಡಿ ತೋರಿಸುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಕಳೆದ ವಾರ ‘ಜತೆ’ ಅಂದರು. ಇವಳು ಹಾರಿ ಎರಡೂ ಕಾಲು ಜೋಡಿಸಿ ಇಳಿದಳು. ಹಾಗಲ್ಲ ಅಂದರು. ಮತ್ತೆ ‘ಜತೆ’ ಅಂದರು. ಇವಳು ಇನ್ನೂ ಗಟ್ಟಿಯಾಗಿ ಜೋಡಿಸಿ ಇಳಿದಳು. ಮೂರನೇ ಸಲಕ್ಕೆ ಕಣ್ಣಲ್ಲಿ ನೀರು. ಕ್ಲಾಸ್ ಮುಗಿದ ಮೇಲೆ ನನ್ನ ಹತ್ತಿರ ಬಂದು, “ಅವ್ವಾ, ಜತೆ ಅಂದರೆ ಕೂಡಿ ಅಂತ ಅಲ್ವಾ?” ಅಂತ ಕೇಳಿದಳು. ನನಗೂ ಹಾಗೇ ಅನಿಸಿತ್ತು. ಏನು ಹೇಳಲಿ?

ಆಮೇಲೆ ಅವಳ ನೋಟ್‌ಬುಕ್ ತೆಗೆದು ನೋಡಿದೆ. ಕೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡಿದ್ದಾಳೆ. ಪ್ಲಿಯೆ, ತಾಂದ್ಯು, ದೆಗಾಜೆ, ರೋಂ ದ ಜಾಂಬ್, ಫೋಂದ್ಯು, ಫ್ರಾಪೆ, ‘ಪಾದಶಾ’. ಕೊನೆಯದರ ಪಕ್ಕದಲ್ಲಿ ಒಂದು ಕಿರೀಟ ಬರೆದಿದ್ದಾಳೆ. ಬಾದಶಾ ನಡೆಯುವ ನಡಿಗೆ ಇರಬೇಕು ಅಂದುಕೊಂಡಿದ್ದಳಂತೆ. ನಮ್ಮೂರಿನ ಮಕ್ಕಳಿಗೆ ಬಾದಶಾ ಬಿಟ್ಟು ಬೇರೇನು ನೆನಪಾಗುತ್ತದೆ?

ಇವುಗಳ ಅರ್ಥ ಏನು? ಪ್ರತಿ ಕ್ಲಾಸಿನಲ್ಲೂ ಅದದೇ ಏಳೆಂಟು ಕಸರತ್ತು ಯಾಕೆ ಮಾಡಿಸುತ್ತಾರೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಬೆಳಗಾವಿ ಫ್ರೆಂಚ್ ಮಾಸ್ತರ್:
ತಂಗೀ, ಮೊದಲು ಮಗಳಿಗೆ ಒಂದು ಮಾತು ಹೇಳಿ. ಅವಳ ಕಿವಿ ಚೆನ್ನಾಗಿದೆ. ಫ್ರೆಂಚಿನ ತ, ದ ನಮ್ಮ ತ, ದ ಹಾಗೇ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ಅಕ್ಷರಗಳು. ಇಂಗ್ಲಿಷಿನ ಟ, ಡ ಥರ ಅಲ್ಲ. ‘ತಾಂದ್ಯು’ ಅಂತ ಕನ್ನಡದಲ್ಲಿ ಬರೆದರೆ ಮೂಲಕ್ಕೆ ಬಹಳ ಹತ್ತಿರ. ನಾನು 22 ವರ್ಷ ಫ್ರೆಂಚ್ ಕಲಿಸಿದೆ. ಕನ್ನಡ, ಮರಾಠಿ ಮಕ್ಕಳಿಗೆ ಈ ಉಚ್ಚಾರ ಬೇಗ ಬರುವುದನ್ನು ನೋಡಿದ್ದೇನೆ.

ಈಗ ‘ಜತೆ’ ವಿಷಯ. ಆ ಜ ಸ್ವಲ್ಪ ಮೆತ್ತಗೆ, ಶ ಕಡೆಗೆ ವಾಲಿದ ಹಾಗೆ ಹೇಳಬೇಕು. ಅರ್ಥ ‘ಎಸೆದ’. ಕಲ್ಲು ಎಸೆಯುತ್ತೇವಲ್ಲ, ಅದೇ. ಒಂದು ಕಾಲನ್ನು ಎಸೆದು, ಇನ್ನೊಂದರಿಂದ ಹಾರಿ, ಎಸೆದ ಕಾಲಿನ ಮೇಲೆ ಇಳಿಯಬೇಕು. ಮಗಳು ಮಾಡಿದ್ದಕ್ಕೆ ಬೇರೆ ಹೆಸರಿದೆ. ಅದು ‘ಅಸಾಂಬ್ಲೆ’, ಅಂದರೆ ‘ಕೂಡಿಸಿದ’. ಒಂದು ಕಾಲಿನಿಂದ ಹಾರಿ ಎರಡೂ ಕಾಲು ಕೂಡಿಸಿ ಇಳಿಯುವುದು. ಇನ್ನೂ ಹೇಳಿಕೊಡದ ಹೆಜ್ಜೆಯನ್ನು ತಾನೇ ಮಾಡಿದ್ದಾಳೆ!

ಒಂದು ಕೀಲಿಕೈ ಕೊಡುತ್ತೇನೆ, ಅರ್ಧ ಬೀಗ ಅದರಿಂದಲೇ ತೆಗೆಯುತ್ತವೆ. ಬ್ಯಾಲೆ ಪದಗಳಲ್ಲಿ ‘ಎ’ ಅಂತ ಮುಗಿಯುವ ಹೆಚ್ಚಿನವು ನಮ್ಮ ‘ಮಾಡಿದ, ಹಾಕಿದ’ ಥರದ ರೂಪಗಳು. ಪ್ಲಿಯೆ ಅಂದರೆ ಮಡಿಸಿದ. ದೆಗಾಜೆ ಅಂದರೆ ಬಿಡಿಸಿದ. ಫ್ರಾಪೆ ಅಂದರೆ ಹೊಡೆದ. ರಲವೆ ಅಂದರೆ ಎತ್ತಿದ. ಶಾಸೆ ಅಂದರೆ ಬೆನ್ನಟ್ಟಿದ, ಒಂದು ಪಾದ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗಿ ಅದರ ಜಾಗ ಹಿಡಿಯುತ್ತದೆ. ಎಶಾಪೆ ಅಂದರೆ ತಪ್ಪಿಸಿಕೊಂಡ, ಕೂಡಿಕೊಂಡಿದ್ದ ಎರಡೂ ಕಾಲು ಒಮ್ಮೆಲೇ ದೂರ ಓಡುತ್ತವೆ. ದೆವಲೊಪೆ ಅಂದರೆ ಬಿಚ್ಚಿದ, ಮಡಚಿದ ಕಾಲು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ‘ಯು’ ಅಂತ ಮುಗಿಯುವ ತಾಂದ್ಯು, ಫೋಂದ್ಯು ಕೂಡ ಇದೇ ಜಾತಿ. ಚಾಚಿದ, ಕರಗಿದ.

ಮಡಿಸಿದ ಅಂತ ಯಾಕೆ ಹೇಳಿದೆ ಅಂದರೆ, ಫ್ರೆಂಚರು ಬಟ್ಟೆ ಮಡಿಸುವುದಕ್ಕೂ ಅದೇ ಕ್ರಿಯಾಪದ ಬಳಸುತ್ತಾರೆ. ಮಡಿಸುವುದು ಬೇರೆ, ಕುಸಿಯುವುದು ಬೇರೆ.

ಕಿರೀಟದ ಪದ ‘ಪಾ ದ ಶಾ’. ಪಾ ಅಂದರೆ ಹೆಜ್ಜೆ, ಶಾ ಅಂದರೆ ಬೆಕ್ಕು. ಬೆಕ್ಕಿನ ಹೆಜ್ಜೆ. ಪಾ ಮತ್ತು ನಮ್ಮ ಪಾದ ಒಂದೇ ಅಂತ ಅನಿಸುತ್ತದೆ, ಆದರೆ ಬೇರು ಬೇರೆ. ಫ್ರೆಂಚಿನಲ್ಲಿ ಕಾಲಿನ ಪಾದಕ್ಕೆ ‘ಪ್ಯೆ’ ಅನ್ನುತ್ತಾರೆ. ಸಂಸ್ಕೃತದ ಪಾದಕ್ಕೆ ನಿಜವಾದ ನೆಂಟ ಅದು. ‘ಕು ದ ಪ್ಯೆ’ ಅಂತ ಕೇಳಿದರೆ ಗಮನಿಸಲಿ. ಪಾದದ ಕುತ್ತಿಗೆ ಅಂತ ಅರ್ಥ. ಪಾದದ ಗಂಟಿನ ಹತ್ತಿರದ ಜಾಗ.

ವಿಜಯಪುರದ ಅವ್ವ:
ಸರ್, ಬೆಕ್ಕಿನ ಹೆಜ್ಜೆ ಅಂತ ಹೇಳಿದ ಕೂಡಲೇ ಕಿರೀಟ ಅಳಿಸಿ ಬಾಲ ಬರೆದಳು! ಆಮೇಲೆ ನಮ್ಮ ಓಣಿಯ ಬೆಕ್ಕು ಕಾಂಪೌಂಡ್ ಹಾರುವುದನ್ನು ನೋಡಲು ಹೋದಳು. ಮುಂಗಾಲು ಮೊದಲು ಮಡಚುತ್ತದೆ, ಹಿಂದೆಯೇ ಇನ್ನೊಂದು, ಇಳಿದರೆ ಸದ್ದೇ ಇಲ್ಲ. ಟೀಚರ್ ಹೇಳಿದ್ದೂ ಅದೇ ಅಂತೆ. ಒಂದು ಮೊಣಕಾಲು, ಅದರ ಹಿಂದೆ ಇನ್ನೊಂದು, ಗಾಳಿಯಲ್ಲಿ ಎರಡೂ ಮಡಚಿರಬೇಕು.

ಕಸರತ್ತು ಯಾಕೆ ಅನ್ನುವುದನ್ನೂ ಯಾರಾದರೂ ಹೇಳಿ.

ಬಾಗಲಕೋಟೆ ಫಿಸಿಯೊ:
ನಾನು ಫಿಸಿಯೊಥೆರಪಿ ಮಾಡುತ್ತೇನೆ, ಸ್ವತಃ ಆರು ವರ್ಷ ಬ್ಯಾಲೆ ಕಲಿತಿದ್ದೇನೆ. ಇದಕ್ಕೆ ಉತ್ತರ ಬರೆಯಲು ನನಗೆ ತುಂಬಾ ಖುಷಿ.

ಅಕ್ಕಾ, ಕುರ್ಚಿ ಹಿಡಿದು ಮಾಡುವ ಪ್ರತಿಯೊಂದೂ ಮುಂದೆ ಬರುವ ಒಂದು ಹೆಜ್ಜೆಯ ತಯಾರಿ. ತಾಂದ್ಯು ತಗೊಳ್ಳಿ. ಕಾಲನ್ನು ನೆಲದ ಮೇಲೆ ಜಾರಿಸುತ್ತ ಚಾಚುವುದು. ಅದನ್ನೇ ಸ್ವಲ್ಪ ಜೋರಾಗಿ ಮಾಡಿ, ಪಾದ ನೆಲ ಬಿಟ್ಟು ನಾಲ್ಕು ಬೆರಳು ಮೇಲೆ ಹೋಗುತ್ತದೆ. ಅದು ದೆಗಾಜೆ, ನೆಲದಿಂದ ಬಿಡಿಸಿಕೊಂಡಿದ್ದು. ಅದೇ ದಾರಿಯಲ್ಲಿ ಇನ್ನೂ ಜೋರಾಗಿ ಸೊಂಟದೆತ್ತರಕ್ಕೋ ಅದಕ್ಕಿಂತ ಮೇಲಕ್ಕೋ ಹೋದರೆ ಗ್ರಾಂ ಬಾತ್ಮಾಂ, ದೊಡ್ಡ ಬೀಸು. ಈಗ ದೆಗಾಜೆಗೆ ಒಂದು ಹಾರು ಸೇರಿಸಿ, ನಿಮ್ಮ ಮಗಳಿಗೆ ಬಾರದ ಸಣ್ಣ ಜತೆ ಸಿಕ್ಕಿತು. ದೊಡ್ಡ ಬೀಸಿಗೆ ಹಾರು ಸೇರಿಸಿದರೆ ವೇದಿಕೆ ಮೇಲೆ ಕಾಲು ಅಗಲಿಸಿ ಹಾರುತ್ತಾರಲ್ಲ, ಆ ಗ್ರಾಂ ಜತೆ. ಎಲ್ಲಕ್ಕೂ ದಾರಿ ಒಂದೇ. ಆ ದಾರಿ ತಾಂದ್ಯುವಿನಲ್ಲೇ ಸೊಟ್ಟ ಆದರೆ ಹಾರಿದಾಗಲೂ ಸೊಟ್ಟವೇ.

ತಾಂದ್ಯುವನ್ನು ನಿಧಾನವಾಗಿ ನೋಡಿ. ಪಾದ ಪೂರ್ತಿ ನೆಲದ ಮೇಲಿದೆ. ಜಾರಿಸುತ್ತ ಹೋದ ಹಾಗೆ ಮೊದಲು ಹಿಮ್ಮಡಿ ಏಳುತ್ತದೆ. ಬೆರಳುಗಳ ಬುಡದ ಮೆತ್ತೆ ಇನ್ನೂ ನೆಲ ಒತ್ತುತ್ತಿರುತ್ತದೆ. ಆಮೇಲೆ ಮೆತ್ತೆಯೂ ಏಳುತ್ತದೆ, ಬೆರಳ ತುದಿ ಮಾತ್ರ ಉಳಿಯುತ್ತದೆ. ವಾಪಸ್ ಬರುವಾಗ ಉಲ್ಟಾ, ತುದಿ, ಮೆತ್ತೆ, ಹಿಮ್ಮಡಿ. ಬೆರಳು ಮುದುಡಬಾರದು, ಉದ್ದ ಆಗಬೇಕು. ಪಾದದೊಳಗಿನ ಸಣ್ಣ ಸಣ್ಣ ಸ್ನಾಯುಗಳಿಗೆ ಕೆಲಸ ಸಿಗುವುದು ಇಲ್ಲೇ. ಹಾರುವಾಗ ಕೊನೆಗೆ ನೆಲ ತಳ್ಳುವುದು ಈ ಬೆರಳುಗಳು, ಇಳಿಯುವಾಗ ಮೊದಲು ನೆಲ ಮುಟ್ಟುವುದೂ ಇವೇ. ಮನೆಯಲ್ಲಿ ಹೀಗೆ ಮಾಡಿಸಿ: ಚಾಚುವ ಪಾದದ ಕೆಳಗೆ ಒಂದು ಒಣಗಿದ ಒರೆಸುವ ಬಟ್ಟೆ ಹಾಕಿ. ಬಟ್ಟೆ ಪಾದದ ಜೊತೆ ಹೋಗಬೇಕು, ವಾಪಸ್ ಬರಬೇಕು. ಬಟ್ಟೆ ಅಲ್ಲೇ ಉಳಿದರೆ ಪಾದ ನೆಲ ಒತ್ತುತ್ತಿಲ್ಲ ಅಂತ ತಿಳಿಯಿರಿ.

ಪ್ಲಿಯೆ ಮೊದಲು ಬರುವುದು ಯಾಕೆ? ಸೊಂಟ, ಮೊಣಕಾಲು, ಪಾದದ ಗಂಟು ಮೂರೂ ಒಟ್ಟಿಗೆ ಬಿಸಿಯಾಗುತ್ತವೆ. ಮೀನಖಂಡ, ಹಿಮ್ಮಡಿ ಮೇಲಿನ ದಪ್ಪ ನರದಂಥ ಕಂಡರ ಎಳೆಯುತ್ತವೆ. ಪ್ರತಿ ಹಾರು ಶುರುವಾಗುವುದೂ ಪ್ಲಿಯೆಯಲ್ಲಿ, ಮುಗಿಯುವುದೂ ಪ್ಲಿಯೆಯಲ್ಲಿ. ಪ್ಲಿಯೆ ಇಲ್ಲದೆ ಇಳಿದರೆ ಪೆಟ್ಟೆಲ್ಲ ಮೊಣಕಾಲಿಗೆ ಮತ್ತು ಬೆನ್ನಿಗೆ.

ಹೋಟೆಲ್ ಹುಡುಗ, ಬೆಳಗಾವಿ:
ಒಂದು ನಿಮಿಷ. ಫೋಂದ್ಯು, ಫ್ರಾಪೆ, ಸೋತೆ ಎಲ್ಲಾ ನಮ್ಮ ಅಡುಗೆಮನೆ ಪದಗಳಲ್ವಾ? ನಾನು ದಿನಾ ತರಕಾರಿ ಸೋತೆ ಮಾಡುತ್ತೇನೆ!

ಬೆಳಗಾವಿ ಫ್ರೆಂಚ್ ಮಾಸ್ತರ್:
ಅದೇ ಪದಗಳಪ್ಪಾ. ಸೋತೆ ಅಂದರೆ ‘ಹಾರಿಸಿದ’. ಬಿಸಿ ಬಾಣಲೆಯಲ್ಲಿ ಕೈ ಝಾಡಿಸಿ ತರಕಾರಿಯನ್ನು ಮೇಲಕ್ಕೆ ಹಾರಿಸುತ್ತೀಯಲ್ಲ, ಅದೇ. ಬ್ಯಾಲೆಯಲ್ಲಿ ಎರಡು ಕಾಲಿನಿಂದ ಹಾರಿ ಎರಡು ಕಾಲಿಗೆ ಇಳಿಯುವ ಸಾದಾ ಹಾರಿಗೂ ಅದೇ ಹೆಸರು. ಕರಗಿಸಿದ ಚೀಸಿನ ಅಡುಗೆ ಫೋಂದ್ಯು.

ಹೋಟೆಲ್ ಹುಡುಗ, ಬೆಳಗಾವಿ:
ನಾಲ್ಕು ವರ್ಷದಿಂದ ಹಾರಿಸುತ್ತಿದ್ದೇನೆ ಸರ್, ಹೆಸರಲ್ಲೇ ಹಾರುವುದು ಇದೆ ಅಂತ ಇವತ್ತು ಗೊತ್ತಾಯಿತು. ನಾಳೆಯೇ ನಮ್ಮ ಹುಡುಗರಿಗೆ ಹೇಳುತ್ತೇನೆ.

ಬಾಗಲಕೋಟೆ ಫಿಸಿಯೊ:
ಫೋಂದ್ಯು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದು ಒಂಟಿ ಕಾಲಿನ ಪ್ಲಿಯೆ. ನಿಂತ ಕಾಲು, ಎತ್ತಿದ ಕಾಲು ಎರಡೂ ಒಟ್ಟಿಗೆ ಮಡಚಬೇಕು, ಒಟ್ಟಿಗೆ ನೆಟ್ಟಗಾಗಬೇಕು. ಬಿಸಿ ರೊಟ್ಟಿ ಮೇಲೆ ಬೆಣ್ಣೆ ಕರಗುವುದನ್ನು ನೋಡಿದ್ದೀರಲ್ಲ, ಎಲ್ಲೂ ತಡೆಯುವುದಿಲ್ಲ, ಎಲ್ಲೂ ಧಡಕ್ ಅಂತ ಬೀಳುವುದಿಲ್ಲ. ಹಾಗೆ. ಒಂಟಿ ಕಾಲಿನ ಮೇಲೆ ಮೆತ್ತಗೆ ಇಳಿಯುವ ಶಕ್ತಿ ಇದರಿಂದ ಬರುತ್ತದೆ. ಜತೆಯಲ್ಲಿ ಇಳಿಯುವುದು ಒಂಟಿ ಕಾಲಿನ ಮೇಲೇ, ನೆನಪಿರಲಿ.

ಫ್ರಾಪೆ ಇದಕ್ಕೆ ತದ್ವಿರುದ್ಧ, ಚಟ್ಟನೆ ಹೊಡೆಯಬೇಕು. ಚುರುಕಾದ ಸಣ್ಣ ಹಾರುಗಳಿಗೆ ತಯಾರಿ. ಕೆಲವು ಪದ್ಧತಿಗಳಲ್ಲಿ ಪಾದದ ಮೆತ್ತೆ ನೆಲಕ್ಕೆ ಉಜ್ಜಿ ಹೋಗುತ್ತದೆ, ರಷ್ಯನ್ ಪದ್ಧತಿಯಲ್ಲಿ ನೆಲಕ್ಕೆ ಹೊಡೆಯುವುದಿಲ್ಲ. ಟೀಚರ್ ಹೇಳಿದ್ದನ್ನೇ ಮಾಡಲಿ.

ರೋಂ ದ ಜಾಂಬ್ ಅಂದರೆ ಕಾಲಿನ ವೃತ್ತ. ಬೆರಳ ತುದಿಯಿಂದ ನೆಲದ ಮೇಲೆ ಅರ್ಧ ಚಂದ್ರ ಬರೆಯುವುದು. ನೋಡಲು ಪಾದದ ಕೆಲಸ ಅನಿಸುತ್ತದೆ, ಆದರೆ ತೊಡೆಯ ಮೂಳೆ ಸೊಂಟದ ಗುಂಡಿಯೊಳಗೆ ಸಲೀಸಾಗಿ ತಿರುಗಲಿ ಅಂತಲೇ ಇದನ್ನು ಮಾಡಿಸುವುದು. ಕಾಲು ತಿರುಗುವಾಗ ಸೊಂಟ ಅಲ್ಲಾಡಬಾರದು. ಅಲ್ಲಾಡಿದರೆ ವೃತ್ತ ಸಣ್ಣದು ಮಾಡಿ, ಪರವಾಗಿಲ್ಲ.

ಮೂವತ್ತರ ಮೇಲೆ ಶುರು ಮಾಡಿದವಳು:
ಬೆಳಗಾವಿಯಿಂದ ಬರೆಯುತ್ತಿದ್ದೇನೆ. ನಾನು 34ನೇ ವಯಸ್ಸಿಗೆ ವಿಡಿಯೊ ನೋಡಿ ಶುರು ಮಾಡಿದೆ, ಆಮೇಲೆ ಒಂದು ಕ್ಲಾಸಿಗೆ ಸೇರಿದೆ. ಅಲ್ಲಿ “ಪಾದ ಹೊರಗೆ, ಇನ್ನೂ ಹೊರಗೆ” ಅಂತ ಮಾತ್ರ ಹೇಳುತ್ತಿದ್ದರು. ಯಾಕೆ, ಎಲ್ಲಿಂದ ಅಂತ ಹೇಳಲಿಲ್ಲ. ಎರಡೂ ಪಾದ ಒಂದೇ ಗೆರೆಯಲ್ಲಿ ಬರಬೇಕು ಅಂತ ನಾನು ಮೊಣಕಾಲು ಮಡಚಿ, ಪಾದ ತಿರುಗಿಸಿ ನೆಲಕ್ಕೆ ಒತ್ತಿ ಹಿಡಿದು, ಆಮೇಲೆ ಮೊಣಕಾಲು ನೆಟ್ಟಗೆ ಮಾಡುತ್ತಿದ್ದೆ. ನೋಡುವವರಿಗೆ ಚೆಂದ ಕಾಣುತ್ತಿತ್ತು. ಮೂರು ತಿಂಗಳಿಗೆ ಬಲ ಮೊಣಕಾಲಿನ ಒಳಬದಿ ನೋವು ಶುರುವಾಯಿತು. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಐದು ತಿಂಗಳು ಎಲ್ಲ ನಿಂತಿತು.

ಪಾದ ಹೊರಗೆ ತಿರುಗುವುದು ಸೊಂಟದ ಕೀಲಿನಿಂದ. ಮೊಣಕಾಲು ಬಾಗಿಲ ಬಿಜಾಗರಿ ಇದ್ದ ಹಾಗೆ, ಮುಂದೆ ಹಿಂದೆ ಹೋಗಲಿಕ್ಕೆ ಇರುವುದು. ತಿರುಚಿದರೆ ನೋವು ಗ್ಯಾರಂಟಿ. ಈ ಒಂದು ಮಾತು ಮೊದಲ ದಿನ ಹೇಳಿದ್ದರೆ ಸಾಕಿತ್ತು. ನಿಮ್ಮ ಮಗಳ ಪ್ಲಿಯೆ ನೋಡಿ ಅಕ್ಕಾ, ಮೊಣಕಾಲು ಮಡಚಿದಾಗ ಅದು ಪಾದದ ಬೆರಳುಗಳ ನೇರಕ್ಕೆ ಹೋಗುತ್ತಿದೆಯಾ? ಒಳಗೆ ಬೀಳುತ್ತಿದ್ದರೆ ಪಾದ ಕಡಿಮೆ ತಿರುಗಿಸಲು ಹೇಳಿ. ದಯವಿಟ್ಟು ಇವತ್ತೇ ನೋಡಿ.

ಜಮಖಂಡಿ ಭರತನಾಟ್ಯ:
ಇದನ್ನು ಓದಿ ಸುಮ್ನೆ ಹೋಗಲು ಆಗಲಿಲ್ಲ. ನಾವೂ ಅರೆಮಂಡಿಯಲ್ಲಿ ಮೊಣಕಾಲು ಹೊರಕ್ಕೆ ತಿರುಗಿಸಿ ಕೂರುತ್ತೇವೆ. ನಮ್ಮ ಗುರುಗಳೂ ಇದೇ ಹೇಳುತ್ತಿದ್ದರು, “ತೊಡೆಯಿಂದ ತೆರೆ, ಪಾದದಿಂದ ಅಲ್ಲ.” ಬಾದಾಮಿಯ ಒಂದನೇ ಗುಹೆಯ ಹೊರಗೆ 18 ಕೈಗಳ ನಟರಾಜ ಇದ್ದಾನಲ್ಲ, ಅವನ ಮೊಣಕಾಲು ನೋಡಿ. ಆರನೇ ಶತಮಾನದ ಕಲ್ಲು. ಮೊಣಕಾಲು ಮಡಚಿ ಹೊರಕ್ಕೆ ತೆರೆದಿವೆ. ನಾನು ಹೋದಾಗಲೆಲ್ಲ ಎಲ್ಲರೂ ಕೈ ಎಣಿಸುತ್ತಿರುತ್ತಾರೆ, ನಾನು ಕಾಲು ನೋಡುತ್ತ ನಿಲ್ಲುತ್ತೇನೆ.

ಒಂದು ವ್ಯತ್ಯಾಸ ಇದೆ. ಅರೆಮಂಡಿ ನಮಗೆ ಮನೆ, ಅಲ್ಲೇ ಕೂತು ಅಡವು, ಅಂದರೆ ಮೂಲ ಹೆಜ್ಜೆಗಳನ್ನು ಮಾಡುತ್ತೇವೆ. ಪ್ಲಿಯೆ ದಾರಿ ಥರ. ಇಳಿದು ಮತ್ತೆ ಮೇಲೆ ಏಳುತ್ತಾರೆ, ಕೆಳಗೆ ನಿಲ್ಲುವುದಿಲ್ಲ. ನಾವು ನೆಲವನ್ನು ತಟ್ಟುತ್ತೇವೆ, ಅವರು ನೆಲ ಬಿಟ್ಟು ಹೋಗಲು ನೋಡುತ್ತಾರೆ. ನನ್ನ ಶಿಷ್ಯೆಯೊಬ್ಬಳು ಬ್ಯಾಲೆಗೆ ಹೋದಾಗ ಕೆಳಗೆ ಕೂತೇಬಿಡುತ್ತಿದ್ದಳು. ಈ ಮಾತು ಹೇಳಿದ ಮೇಲೆ ಸರಿಹೋಯಿತು.

ಬೆಳಗಾವಿ ಫ್ರೆಂಚ್ ಮಾಸ್ತರ್:
ಎಲ್ಲ ಪದ ಫ್ರೆಂಚಿನಲ್ಲೇ ಯಾಕೆ ಅಂತ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಬ್ಯಾಲೆ ಹುಟ್ಟಿದ್ದು ಇಟಲಿಯ ಅರಮನೆಗಳಲ್ಲಿ. ಬೆಳೆದಿದ್ದು ಫ್ರಾನ್ಸಿನಲ್ಲಿ. ಅಲ್ಲಿನ ದೊರೆ 14ನೇ ಲೂಯಿ ಸ್ವತಃ ನರ್ತಕ. 1653ರಲ್ಲಿ, 14 ವರ್ಷದ ಹುಡುಗ, ಸೂರ್ಯನ ವೇಷ ಹಾಕಿ ಕುಣಿದ. ಇತ್ತ ನಿಮ್ಮ ವಿಜಯಪುರದಲ್ಲಿ ಆಗ ಗೋಳಗುಮ್ಮಟದ ಮಹಮ್ಮದ್ ಆದಿಲ್ ಶಾಹನ ಆಳ್ವಿಕೆ. 1661ರಲ್ಲಿ ಲೂಯಿ ನೃತ್ಯಕ್ಕೆಂದೇ ಒಂದು ರಾಜ ಅಕಾಡೆಮಿ ತೆರೆದ. ಕಾಲಿನ ಐದು ಸ್ಥಾನಗಳನ್ನು ಗೊತ್ತುಮಾಡಿದ ಹೆಗ್ಗಳಿಕೆ ಅವನ ನೃತ್ಯ ಗುರು ಪಿಯೆರ್ ಬೋಶಾಂಗೆ ಸಲ್ಲುತ್ತದೆ. ಆ ಭಾಷೆಯೇ ರಷ್ಯಾಕ್ಕೂ, ಇಂಗ್ಲೆಂಡಿಗೂ ಹೋಯಿತು. ಹಾಗಾಗಿ ಮಗಳು ನಾಳೆ ಯಾವ ದೇಶದ ಕ್ಲಾಸಿನಲ್ಲಿ ನಿಂತರೂ ‘ಪ್ಲಿಯೆ’ ಅಂದರೆ ಅರ್ಥವಾಗುತ್ತದೆ.

ಹೋದ ಕಡೆ ಕೆಲವು ಹೆಸರು ಬದಲಾಗಿವೆ. ನಮ್ಮ ಫಿಸಿಯೊ ತಂಗಿ ಹೇಳಿದ ದೆಗಾಜೆಗೆ ರಷ್ಯನ್ನರು ‘ಬಾತ್ಮಾಂ ತಾಂದ್ಯು ಜತೆ’ ಅನ್ನುತ್ತಾರೆ, ಇಂಗ್ಲೆಂಡಿನಲ್ಲಿ ‘ಗ್ಲಿಸೆ’ ಅನ್ನುವುದೂ ಇದೆ. ವಿಡಿಯೊ ನೋಡುವಾಗ ಮಕ್ಕಳು ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ.

ವಿಜಯಪುರದ ಅವ್ವ:
ಎಷ್ಟು ಪ್ರೀತಿಯಿಂದ ಬರೆದಿದ್ದೀರಿ ಎಲ್ಲರೂ. ಮೊಣಕಾಲು ನೋಡಿದೆ ತಂಗೀ. ಎಡಗಾಲು ಸರಿ ಇದೆ, ಬಲಗಾಲು ಸ್ವಲ್ಪ ಒಳಗೆ ಬೀಳುತ್ತಿತ್ತು. ಪಾದ ಕಡಿಮೆ ತಿರುಗಿಸಿದಳು, ತಕ್ಷಣ ನೇರ ಆಯಿತು.

ಇನ್ನು ಮೂರು ಪ್ರಶ್ನೆ. ನಮ್ಮದು ಶಹಾಬಾದ್ ಫರಸಿ ನೆಲ, ಹಾರಬಹುದಾ? ತುದಿಬೆರಳ ಮೇಲೆ ನಿಲ್ಲುವ ಗಟ್ಟಿ ಶೂ ಆನ್‌ಲೈನ್‌ನಲ್ಲಿ ಇದೆ, ಹುಟ್ಟುಹಬ್ಬಕ್ಕೆ ಕೊಡಿಸಲಾ? ಅರಾಬೆಸ್ಕ್ ಅಂದರೆ ಏನು?

ಬಾಗಲಕೋಟೆ ಫಿಸಿಯೊ:
ಶೂ ಬೇಡ ಅಕ್ಕಾ. ಖಂಡಿತ ಬೇಡ. ಸಾಮಾನ್ಯವಾಗಿ 11–12 ವರ್ಷಕ್ಕೆ ಮೊದಲು, ಅದೂ ಕೆಲವು ವರ್ಷ ಕ್ರಮವಾಗಿ ಕಲಿಯದೆ ಯಾರೂ ಹಾಕಿಸುವುದಿಲ್ಲ. ವಯಸ್ಸು ಒಂದೇ ಸಾಲದು. ಪಾದ, ಪಾದದ ಗಂಟು, ನಡುವಿನ ಶಕ್ತಿ ನೋಡಿ ಟೀಚರ್ ಎದುರಿಗೆ ನಿಂತು ಹೇಳಬೇಕು, ಅಳತೆ ನೋಡಿ ಹಾಕಿಸಬೇಕು. ಬೆಳೆಯುವ ಮೂಳೆಯ ವಿಷಯ. ಹುಟ್ಟುಹಬ್ಬಕ್ಕೆ ಮೆತ್ತನೆಯ ಬ್ಯಾಲೆ ಚಪ್ಪಲಿ ಕೊಡಿಸಿ.

ಫರಸಿ ಮೇಲೆ ಹಾರುವುದೂ ಬೇಡ. ಬ್ಯಾಲೆ ಶಾಲೆಗಳಲ್ಲಿ ಕೆಳಗೆ ಟೊಳ್ಳು ಬಿಟ್ಟು ಹಾಕಿದ ಮರದ ನೆಲ ಇರುತ್ತದೆ, ಅದು ಪೆಟ್ಟು ನುಂಗುತ್ತದೆ. ಕಲ್ಲು ನುಂಗುವುದಿಲ್ಲ, ಎಲ್ಲ ಮೊಣಕಾಲ ಕೆಳಗಿನ ಮೂಳೆಗೆ ಹೋಗುತ್ತದೆ. ಮೇಲೆ ಜಮಖಾನ ಹಾಸಿದರೆ ಜಾರುತ್ತದೆ, ಇನ್ನೂ ಅಪಾಯ. ಸಾಕ್ಸ್ ಹಾಕಿಕೊಂಡು ಮಾಡುವುದೂ ಬೇಡ. ಕುರ್ಚಿ ಹಿಡಿದು ಮಾಡುವುದೆಲ್ಲ ಫರಸಿ ಮೇಲೆ ಆಗಲಿ. ಆ ಕುರ್ಚಿ ಹಗುರ ಇದ್ದರೆ ಅದರ ಮೇಲೆ ಯಾರಾದರೂ ಕೂರಲಿ. ಜತೆಯನ್ನು ಈಗ ಹಾರದೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ದಾಟಿಸಿ ಅಭ್ಯಾಸ ಮಾಡಲಿ.

ಬೆಳಗಾವಿ ಫ್ರೆಂಚ್ ಮಾಸ್ತರ್:
ಅರಾಬೆಸ್ಕ್ ಅಂದರೆ ಅರಬ್ ಶೈಲಿಯದು ಅಂತ. ಇಟಾಲಿಯನ್ನಿನಿಂದ ಫ್ರೆಂಚಿಗೆ ಬಂದ ಪದ. ಬಳ್ಳಿ ಸುತ್ತಿಕೊಂಡು ಹೋಗುವ ಚಿತ್ತಾರಕ್ಕೆ ಮೊದಲು ಆ ಹೆಸರಿತ್ತು. ನೃತ್ಯದಲ್ಲಿ ಒಂಟಿ ಕಾಲಿನ ಮೇಲೆ ನಿಂತು ಇನ್ನೊಂದನ್ನು ನೆಟ್ಟಗೆ ಹಿಂದಕ್ಕೆ ಚಾಚುವ ನಿಲುವು. ಕೈಗಳ ಜೋಡಣೆ ನೋಡಿ ಎಣಿಸುತ್ತಾರೆ. ಇಟಲಿಯ ಗುರು ಚೆಕೆಟ್ಟಿಯ ಪದ್ಧತಿಯಲ್ಲಿ ಐದು, ರಷ್ಯದ ಗುರು ವಾಗನೋವಾ ಪದ್ಧತಿಯಲ್ಲಿ ನಾಲ್ಕು. ಅದರ ಮೂಲ ಚಿತ್ತಾರ ನೋಡಲು ನೀವು ದೂರ ಹೋಗಬೇಕಿಲ್ಲ. ಇಬ್ರಾಹಿಂ ರೋಜಾ ಇದೆಯಲ್ಲ.

ವಿಜಯಪುರದ ಅವ್ವ:
ಭಾನುವಾರ ಕ್ಲಾಸ್ ಮುಗಿಸಿ ಇಬ್ರಾಹಿಂ ರೋಜಾಕ್ಕೆ ಹೋಗಿದ್ದೆವು. ಎಷ್ಟೋ ಸಲ ನೋಡಿದ ಜಾಗ. ಗೋಡೆಯ ಕೆತ್ತನೆಗೆ ಮುಖ ಹತ್ತಿರ ಇಟ್ಟು, ಮುಟ್ಟದೆ, ಬೆರಳಿನಿಂದ ಗಾಳಿಯಲ್ಲೇ ಒಂದು ಗೆರೆ ಹಿಡಿದು ಹೋದಳು. “ಅವ್ವಾ, ಇದು ಎಲ್ಲೂ ನಿಲ್ಲಲ್ಲ” ಅಂದಳು. ಮನೆಗೆ ಬಂದು ಕುರ್ಚಿ ಹಿಡಿದು ಕಾಲು ಹಿಂದಕ್ಕೆ ಚಾಚಿದಳು. ಮೊದಲೆಲ್ಲ ಆ ಗೆರೆ ಪಾದಕ್ಕೆ ಬಂದು ನಿಂತುಬಿಡುತ್ತಿತ್ತು. ಈ ಸಲ ಬೆರಳಿನ ತುದಿ ಇನ್ನೂ ಮುಂದೆ ಎಲ್ಲೋ ಹೋಗುತ್ತಿರುವ ಹಾಗೆ ಕಂಡಿತು. ಕಾಲು ಎತ್ತರ ಏನೂ ಹೋಗಿರಲಿಲ್ಲ. ನನಗೆ ಮಾತ್ರ ಕಣ್ಣು ತುಂಬಿತು.

ನೋಟ್‌ಬುಕ್‌ನಲ್ಲಿ ಈಗ ಪ್ರತಿ ಪದದ ಮುಂದೆ ಎರಡು ಸಾಲು ಬರೆಯುತ್ತಾಳೆ. ಒಂದು ಅರ್ಥ, ಇನ್ನೊಂದು ‘ಯಾವುದಕ್ಕೆ’. ‘ಜತೆ’ ಮುಂದೆ ‘ಎಸೆದ, ಒಂದೇ ಕಾಲು’ ಅಂತ ಕೆಂಪು ಪೆನ್ನಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಮುಂದಿನ ವಾರಕ್ಕೆ ಟೀಚರ್ ‘ಎಪೋಲ್‌ಮಾಂ’ ಅಂದಿದ್ದಾರೆ ಸರ್.

ಬೆಳಗಾವಿ ಫ್ರೆಂಚ್ ಮಾಸ್ತರ್:
ಎಪೋಲ್ ಅಂದರೆ ಭುಜ. ಸೊಂಟ ಅಲ್ಲೇ ಇರಲಿ, ಭುಜ ಮತ್ತು ತಲೆ ಸ್ವಲ್ಪ ತಿರುಗಲಿ, ಒಂದು ಭುಜ ಮುಂದೆ ಬರಲಿ. ಯಾರೋ ಪಕ್ಕದಿಂದ ಕರೆದಾಗ ತಿರುಗುತ್ತೇವಲ್ಲ, ಅಷ್ಟೇ. ನೀವು ಅಡುಗೆಮನೆಯಿಂದ ಕರೆಯಿರಿ, ಅವಳು ಹೇಗೆ ತಿರುಗುತ್ತಾಳೆ ನೋಡಿ, ಅಲ್ಲೇ ನಿಲ್ಲಲು ಹೇಳಿ.

ವಿಜಯಪುರದ ಅವ್ವ:
ಈಗಷ್ಟೇ ಕರೆದೆ ಸರ್. ಹಾಗೇ ನಿಂತಿದ್ದಾಳೆ.